‘ನರ ಸಿಗ್ತಿಲ್ಲ ಸಿಸ್ಟರ್’: ಕ್ಯಾನುಲಾ ಹಾಕೋದನ್ನ ಕಲಿಯೋದು ಅಂದ್ರೆ ಏನು?

(ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನ ಧಾಟಿ ಉಳಿಸಿಕೊಂಡು, ಓದಲು ಬೇಕಾದಷ್ಟು ಮಾತ್ರ ತಿದ್ದಲಾಗಿದೆ.)

 

ನಾನು ನರ್ಸ್. ವಾರ್ಡು, ಕ್ಯಾಶುವಾಲ್ಟಿ, ಡಯಾಲಿಸಿಸ್ ಯೂನಿಟ್ ಅಂತ ಹನ್ನೊಂದು ವರ್ಷ ಕೆಲಸ ಮಾಡಿ, ಈಗ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಕಲಿಸ್ತೀನಿ. ಇವತ್ತು ಮಾತಾಡೋಕೆ ಹೊರಟಿರೋದು ಒಂದು ಸಣ್ಣ ವಸ್ತುವಿನ ಬಗ್ಗೆ. ಡೆಂಗಿ ಜ್ವರ ಬಂದಾಗ, ಅಪೆಂಡಿಕ್ಸ್ ಆಪರೇಷನ್ ಆದಾಗ, ಮನೇಲಿ ಹೆರಿಗೆ ಆದಾಗ ನೀವು ಅದನ್ನ ನೋಡಿರ್ತೀರಿ. ಕೈ ಮೇಲೆ ಬಿಳಿ ಟೇಪು, ಟೇಪಿನ ಕೆಳಗೆ ಒಂದು ಬಣ್ಣದ ಪ್ಲಾಸ್ಟಿಕ್. ಅದೇ ಕ್ಯಾನುಲಾ. ಕೆಲವರು ಬ್ರ್ಯಾಂಡ್ ಹೆಸರಲ್ಲಿ ವೆನ್‌ಫ್ಲಾನ್ ಅಂತಾರೆ. ನಮ್ಮ ಕಡೆ ಅಜ್ಜಿಯರು ‘ಸೂಜಿ ಹಾಗೇ ಬಿಟ್ಟಿದ್ದಾರೆ’ ಅಂತಾರೆ.

ಮೊದಲು ಆ ಮಾತನ್ನೇ ಸರಿಮಾಡೋಣ.

ಒಳಗೆ ಉಳಿಯೋದು ಸೂಜಿ ಅಲ್ಲ

ಕ್ಯಾನುಲಾದಲ್ಲಿ ಎರಡು ಭಾಗ. ಒಳಗೊಂದು ಸೂಜಿ, ಅದರ ಮೇಲೆ ಹೊದಿಸಿದ ಹಾಗೆ ಮೆತ್ತನೆ ಪ್ಲಾಸ್ಟಿಕ್ ನಳಿಗೆ. ಸೂಜಿ ದಾರಿ ಮಾಡಿಕೊಡುತ್ತೆ, ನಳಿಗೆ ರಕ್ತನಾಳದೊಳಗೆ ಜಾರುತ್ತೆ, ಸೂಜಿ ಆಚೆ ಬರುತ್ತೆ. ಅಷ್ಟಾದ ಮೇಲೆ ಕೈಯಲ್ಲಿ ಲೋಹ ಇರಲ್ಲ. ಹಾಗಾಗಿ ‘ಕೈ ಆಡಿಸಿದ್ರೆ ಸೂಜಿ ಚುಚ್ಚುತ್ತೆ’ ಅಂತ ರಾತ್ರಿಯಿಡೀ ಕೈ ಕಟ್ಟಿ ಹಾಕಿದ ಹಾಗೆ ಮಲಗಬೇಕಾಗಿಲ್ಲ. ಎಳೆಯಬಾರದು, ಒದ್ದೆ ಮಾಡಬಾರದು, ಅಷ್ಟೇ.

ರಕ್ತನಾಳಕ್ಕೆ ನೇರವಾಗಿ ಉಪ್ಪುನೀರು ಕೊಡೋ ಯೋಚನೆ ಹಳೇದು. 1832ರಲ್ಲಿ ಸ್ಕಾಟ್ಲೆಂಡ್‌ನ ಲೀತ್ ಊರಲ್ಲಿ ಥಾಮಸ್ ಲಾಟಾ ಅನ್ನೋ ವೈದ್ಯರು ಕಾಲರಾ ರೋಗಿಗಳಿಗೆ ಹೀಗೆ ಕೊಟ್ಟರು. ಆಮೇಲೆ ಬಹಳ ಕಾಲ ಲೋಹದ ಸೂಜಿಯನ್ನೇ ಕೈಯಲ್ಲಿ ಬಿಡ್ತಿದ್ರು. ಅಜ್ಜಿಯರ ಮಾತು ಅಲ್ಲಿಂದ ಬಂದಿರಬಹುದು. 1950ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡೇವಿಡ್ ಮಾಸಾ ಅನ್ನೋ ತರುಣ ವೈದ್ಯರು ಸೂಜಿ ಮೇಲೆ ಪ್ಲಾಸ್ಟಿಕ್ ನಳಿಗೆ ಹೊದಿಸೋ ಉಪಾಯ ಮಾಡಿದ್ರು. ಇವತ್ತಿನ ಕ್ಯಾನುಲಾ ಅದರ ಮೊಮ್ಮಗು.

ಇನ್ನು ಬಣ್ಣ. ಅದು ಚೆಂದಕ್ಕೆ ಅಲ್ಲ, ಅಳತೆಗೆ. ನಂಬರು ದೊಡ್ಡದಾದಷ್ಟೂ ನಳಿಗೆ ಸಣ್ಣದು. 16 ಗೇಜ್ ಬೂದು, 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಹಸಿರಲ್ಲಿ ನಿಮಿಷಕ್ಕೆ ಸುಮಾರು 90 ಮಿ.ಲೀ. ಹರಿಯುತ್ತೆ, ಹಳದಿಯಲ್ಲಿ ಸುಮಾರು 20. ಆಕ್ಸಿಡೆಂಟ್ ಆಗಿ ರಕ್ತ ಸುರಿಯುತ್ತಾ ಬಂದವರಿಗೆ ಹಸಿರು ಅಥವಾ ಬೂದು ಬೇಕು. ಪುಟ್ಟ ಮಗುವಿಗೆ ಹಳದಿ ಸಾಕು. ಡ್ರಿಪ್ ಸುಮ್ಮನೆ ಹೋಗ್ತಿರೋ ದೊಡ್ಡವರಿಗೆ ಗುಲಾಬಿ ಅಥವಾ ನೀಲಿ. ಇಲ್ಲಿ ನಮ್ಮ ನಿಯಮ ಒಂದೇ: ಕೆಲಸಕ್ಕೆ ಸಾಕಾಗೋವಷ್ಟು ಸಣ್ಣದು. ದೊಡ್ಡ ಕ್ಯಾನುಲಾ ಹಾಕಿ ತೋರಿಸೋದು ಶೌರ್ಯ ಅಲ್ಲ.

‘ನರ’ ಅಂತೀವಿ, ಹುಡುಕೋದು ಬೇರೆ

ವಾರ್ಡಲ್ಲಿ ದಿನಕ್ಕೆ ಹತ್ತು ಸಲ ಕೇಳೋ ಮಾತು: ‘ಸಿಸ್ಟರ್, ನಂಗೆ ನರ ಸಿಗಲ್ಲ, ಎಲ್ಲರೂ ಹಾಗೇ ಹೇಳ್ತಾರೆ.’ ಕನ್ನಡದಲ್ಲಿ ಚರ್ಮದಡಿ ನೀಲಿಯಾಗಿ ಕಾಣೋದನ್ನೆಲ್ಲ ನರ ಅಂತೀವಿ. ಪುಸ್ತಕದಲ್ಲಿ ನರ ಅಂದ್ರೆ ಮೆದುಳಿಗೆ ಸುದ್ದಿ ಒಯ್ಯೋ ತಂತು. ನಾವು ಹುಡುಕೋದು ಅಭಿಧಮನಿಯನ್ನ, ಅಂದ್ರೆ ವೇನ್. ಹೃದಯದಿಂದ ರಕ್ತ ತರೋದು ಅಪಧಮನಿ, ಆರ್ಟರಿ.

ವ್ಯತ್ಯಾಸ ಕಣ್ಣಿಗಿಂತ ಬೆರಳಿಗೆ ಗೊತ್ತಾಗುತ್ತೆ. ವೇನ್ ಮೆತ್ತಗೆ, ಒತ್ತಿ ಬಿಟ್ರೆ ಮತ್ತೆ ಉಬ್ಬುತ್ತೆ, ಮಿಡಿಯಲ್ಲ. ಆರ್ಟರಿ ಮಿಡಿಯುತ್ತೆ. ಸ್ನಾಯುವಿನ ಹುರಿ ಗಟ್ಟಿ, ಒತ್ತಿದ್ರೂ ಬಗ್ಗಲ್ಲ. ನಿಜವಾದ ನರ ಸಾಮಾನ್ಯವಾಗಿ ಬೆರಳಿಗೆ ಸಿಗಲ್ಲ. ಅದಕ್ಕೆ ಸೂಜಿ ತಾಗಿದ್ರೆ ರೋಗಿಗೆ ಕರೆಂಟ್ ಹೊಡೆದ ಹಾಗೆ ಬೆರಳತನಕ ಜುಮ್ ಅನ್ನುತ್ತೆ. ಆಗ ‘ಸ್ವಲ್ಪ ತಡ್ಕೊಳ್ಳಿ’ ಅನ್ನೋ ಹಾಗಿಲ್ಲ, ಸೂಜಿ ತಕ್ಷಣ ಆಚೆ ಬರಬೇಕು. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಒಳ್ಳೆ ದಪ್ಪ ವೇನ್ ಕಾಣುತ್ತೆ, ಹೊಸಬರಿಗೆ ಅದರ ಮೇಲೇ ಆಸೆ. ಆದ್ರೆ ಅದರ ಪಕ್ಕದಲ್ಲೇ ಒಂದು ನರ ಹೋಗುತ್ತೆ. ಅದಕ್ಕೇ ಆ ಜಾಗ ಬಿಟ್ಟು ಸ್ವಲ್ಪ ಮೇಲೆ, ಮುಂಗೈಯಲ್ಲಿ ಹುಡುಕೋಕೆ ಹೇಳ್ತೀವಿ. ಮೊಣಕೈ ಮಡಿಕೆಯೂ ಅಷ್ಟೇ. ಸುಲಭವಾಗಿ ಸಿಗುತ್ತೆ, ಆದ್ರೆ ಕೈ ಮಡಚಿದಾಗಲೆಲ್ಲ ಡ್ರಿಪ್ ನಿಲ್ಲುತ್ತೆ. ತುರ್ತು ಇದ್ರೆ ಮಾತ್ರ ಅಲ್ಲಿ.

ರೀಲ್ಸ್‌ನಲ್ಲಿ ಕಾಣದ ಭಾಗ

ನಿಮ್ಮ ಫೋನಲ್ಲೂ ಬಂದಿರುತ್ತೆ. ಹಿಂದೆ ಮ್ಯೂಸಿಕ್, ಒಂದು ಕೈ, ಒಂದು ಚುಚ್ಚು, ರಕ್ತ ಕಾಣುತ್ತೆ, ‘ಫಸ್ಟ್ ಅಟೆಂಪ್ಟ್!’ ಅಂತ ಬರಹ. ನನ್ನ ವಿದ್ಯಾರ್ಥಿಗಳು ನಂಗೇ ಕಳಿಸ್ತಾರೆ. ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ಆ ಹದಿನೈದು ಸೆಕೆಂಡಿನ ಹಿಂದೆ ಮುಂದೆ ಇರೋದೇ ಕೆಲಸ.

ಹಿಂದಿನದು ಕೇಳಿ. ರೋಗಿಯ ಹೆಸರು ಕೇಳಿ ಕೇಸ್‌ಶೀಟ್ ಜೊತೆ ತಾಳೆ ನೋಡಬೇಕು. ಯಾಕೆ ಹಾಕ್ತಿದೀವಿ ಅಂತ ಹೇಳಿ ಒಪ್ಪಿಗೆ ತಗೋಬೇಕು. ಯಾವ ಕೈ ಬೇಡ ಅಂತ ಕೇಳಬೇಕು. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳ ಗ್ರಂಥಿ ತೆಗೆದಿದ್ರೆ ಆ ಬದಿಯ ಕೈ ಬೇಡ. ಪಾರ್ಶ್ವವಾಯು ಹೊಡೆದ ಕೈ ಬೇಡ. ಡಯಾಲಿಸಿಸ್ ಕೈ ಬೇಡವೇ ಬೇಡ, ಅದರ ಬಗ್ಗೆ ಆಮೇಲೆ ಹೇಳ್ತೀನಿ. ಕೈ ತೊಳೀಬೇಕು. ಟೂರ್ನಿಕೆಟ್ ಕಟ್ಟಬೇಕು. ನಮ್ಮ ಎಷ್ಟೋ ವಾರ್ಡುಗಳಲ್ಲಿ ಅದು ಸಿಗದೆ ಗ್ಲೌಸೇ ಕಟ್ತಾರೆ. ಯಾವುದೇ ಕಟ್ಟಿದ್ರೂ ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು. ಸ್ಪಿರಿಟ್ ಹಚ್ಚಿ ಉಜ್ಜಿ, ಅದು ತಾನಾಗೇ ಒಣಗೋತನಕ ಕಾಯಬೇಕು. ಊದಬಾರದು, ಒರೆಸಬಾರದು, ಮತ್ತೆ ಬೆರಳಿಟ್ಟು ಮುಟ್ಟಬಾರದು. ಒದ್ದೆ ಇದ್ದಾಗಲೇ ಚುಚ್ಚಿದ್ರೆ ಉರಿಯೂ ಜಾಸ್ತಿ, ಸ್ಪಿರಿಟ್‌ಗೆ ಕ್ರಿಮಿ ಕೊಲ್ಲೋಕೆ ಸಮಯವೂ ಸಿಗಲ್ಲ.

ಈಗ ಚುಚ್ಚೋ ಕ್ಷಣ. ಎಡಗೈ ಹೆಬ್ಬೆರಳಿಂದ ಚರ್ಮವನ್ನ ಕೆಳಗೆ ಎಳೆದು ಹಿಡೀಬೇಕು, ಇಲ್ಲದಿದ್ರೆ ವೇನ್ ಹಾವಿನ ಮರಿ ಹಾಗೆ ನುಣುಚಿಕೊಳ್ಳುತ್ತೆ. ಸೂಜಿಯ ಓರೆ ಬಾಯಿ ಮೇಲಕ್ಕೆ, ಸುಮಾರು 10ರಿಂದ 30 ಡಿಗ್ರಿ ಓರೆಯಲ್ಲಿ ಒಳಗೆ. ಹಿಂದಿನ ಪುಟ್ಟ ಕೋಣೆಯಲ್ಲಿ ರಕ್ತ ಕಾಣುತ್ತೆ, ಅದಕ್ಕೆ ಫ್ಲ್ಯಾಶ್‌ಬ್ಯಾಕ್ ಅಂತೀವಿ. ಹೊಸಬರು ಸೋಲೋದು ಇಲ್ಲೇ. ರಕ್ತ ಕಂಡ ಕೂಡಲೇ ಸಿಕ್ತು ಅಂತ ಖುಷಿಯಾಗಿ ನಳಿಗೆ ತಳ್ತಾರೆ. ಆದ್ರೆ ಸೂಜಿಯ ತುದಿ ನಳಿಗೆಗಿಂತ ಸ್ವಲ್ಪ ಮುಂದೆ ಇರುತ್ತೆ. ರಕ್ತ ಕಂಡಾಗ ಸೂಜಿ ಮಾತ್ರ ಒಳಗೆ ಹೋಗಿರುತ್ತೆ, ನಳಿಗೆ ಇನ್ನೂ ಬಾಗಿಲಲ್ಲೇ ನಿಂತಿರುತ್ತೆ. ಹಾಗಾಗಿ ಓರೆ ತಗ್ಗಿಸಿ, ಎರಡು ಮೂರು ಮಿಲಿಮೀಟರ್ ಮುಂದೆ ಹೋಗಿ, ಆಮೇಲೆ ಸೂಜಿಯನ್ನ ಅಲುಗಿಸದೆ ನಳಿಗೆಯನ್ನ ಮಾತ್ರ ಜಾರಿಸಬೇಕು. ಸಾಸಿವೆ ಕಾಳಿನಷ್ಟು ಜಾಗದ ಲೆಕ್ಕ ಇದು. ಬೆರಳು ಅದನ್ನ ಕಲಿಯೋಕೆ ತಿಂಗಳುಗಳು ಬೇಕು.

ಇನ್ನೊಂದು ಮಾತು, ವಿದ್ಯಾರ್ಥಿಗಳು ಬರೆದಿಟ್ಕೊಳ್ಳಿ. ನಳಿಗೆ ಒಳಗಿರುವಾಗ, ಆಚೆ ಎಳೆದ ಸೂಜಿಯನ್ನ ಯಾವತ್ತೂ ಮತ್ತೆ ಒಳಗೆ ತೂರಿಸಬಾರದು. ಸೂಜಿಯ ಅಲಗು ನಳಿಗೆಯನ್ನ ಕತ್ತರಿಸಬಹುದು. ಆ ತುಂಡು ರಕ್ತದಲ್ಲಿ ಹೊರಟುಹೋಗುತ್ತೆ.

ಆಮೇಲಿಂದು ಕೇಳಿ. ಟೂರ್ನಿಕೆಟ್ ಬಿಚ್ಚಿ, ನಳಿಗೆಯ ತುದಿ ಇರೋ ಜಾಗ ಒತ್ತಿ ಹಿಡಿದು, ಸೂಜಿ ತೆಗೆದು ನೇರ ಶಾರ್ಪ್ಸ್ ಡಬ್ಬಿಗೆ. ಸಲೈನ್ ಬಿಟ್ಟು ನೋಡಬೇಕು, ಊದಿಕೊಳ್ತಿದೆಯಾ, ನೋವಾಗ್ತಿದೆಯಾ ಅಂತ. ಪಾರದರ್ಶಕ ಪ್ಲಾಸ್ಟರ್ ಹಾಕಿ, ದಿನಾಂಕ, ಸಮಯ ಬರೀಬೇಕು. ಪ್ರತಿ ಶಿಫ್ಟಲ್ಲೂ ಬಂದು ಆ ಜಾಗ ನೋಡಬೇಕು. ಕೆಂಪಾಗಿದೆಯಾ, ಬಿಸಿ ಇದೆಯಾ, ವೇನ್ ಹಗ್ಗದ ಹಾಗೆ ಗಟ್ಟಿಯಾಗಿದೆಯಾ? ಇದ್ರೆ ಫ್ಲೆಬೈಟಿಸ್, ಕ್ಯಾನುಲಾ ಅವತ್ತೇ ತೆಗೀಬೇಕು. ಇದ್ಯಾವುದಕ್ಕೂ ಮ್ಯೂಸಿಕ್ ಹಾಕಿ ರೀಲ್ ಮಾಡೋಕಾಗಲ್ಲ.

ಯಾರ ಕೈ ಮೇಲೆ ಕಲೀಬೇಕು?

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇದನ್ನ ಕಲಿಯೋಕೆ ಕೊನೆಗೆ ಯಾರದ್ದೋ ಕೈ ಬೇಕೇ ಬೇಕು. ಯಾರದ್ದು?

ಸರಿಯಾದ ದಾರಿಗೆ ಮೆಟ್ಟಿಲುಗಳಿವೆ. ಮೊದಲು ಅಂಗರಚನೆ ಓದೋದು. ಆಮೇಲೆ ಸ್ಕಿಲ್ ಲ್ಯಾಬಲ್ಲಿ ರಬ್ಬರ್ ಕೈ, ಅದರ ಕೊಳವೆಯೊಳಗೆ ಕೆಂಪು ನೀರು. ಆಮೇಲೆ ವಾರ್ಡಲ್ಲಿ ಹಿರಿಯರು ಮಾಡೋದನ್ನ ಪಕ್ಕ ನಿಂತು ನೋಡೋದು. ಆಮೇಲೆ ಹಿರಿಯರು ಪಕ್ಕದಲ್ಲಿ ನಿಂತಿರುವಾಗ, ರೋಗಿಗೆ ಹೇಳಿ, ನಾವು ಮಾಡೋದು. ಲಾಗ್‌ಬುಕ್‌ನಲ್ಲಿ ಸಹಿ. ಇಷ್ಟಾದ ಮೇಲೆ ಒಬ್ಬರೇ. ಬಿ.ಎಸ್ಸಿ ನರ್ಸಿಂಗ್ 4 ವರ್ಷ, ಜಿ.ಎನ್.ಎಂ 3 ವರ್ಷ. ಅಷ್ಟು ವರ್ಷ ಇರೋದು ಈ ಮೆಟ್ಟಿಲು ಹತ್ತೋಕೇ.

ಕಾಗದದ ಮೇಲೆ ಇದು ಸರಿ ಇದೆ. ವಾರ್ಡಲ್ಲಿ? ಒಬ್ಬ ಸ್ಟಾಫ್ ನರ್ಸಿಗೆ ಮೂವತ್ತು ಬೆಡ್ಡು. ಆಕೆಗೆ ಪಕ್ಕ ನಿಂತು ಕಲಿಸೋ ಪುರಸೊತ್ತು ಎಲ್ಲಿಂದ ಬರಬೇಕು? ‘ಏ ಸ್ಟೂಡೆಂಟ್, ಹದಿನಾಲ್ಕನೇ ಬೆಡ್‌ಗೆ ಲೈನ್ ಹಾಕಿ ಬಾ’ ಅಂತ ಕಳಿಸ್ತಾರೆ. ನೋಡೋ ಮೆಟ್ಟಿಲೂ ಇಲ್ಲ, ಜೊತೆ ನಿಲ್ಲೋ ಮೆಟ್ಟಿಲೂ ಇಲ್ಲ. ಮತ್ತೆ ಗಮನಿಸಿ, ಸ್ಟೂಡೆಂಟನ್ನ ಕಳಿಸೋದು ಯಾವ ಬೆಡ್‌ಗೆ? ಪ್ರಶ್ನೆ ಕೇಳದೋರ ಬೆಡ್‌ಗೆ. ಜೊತೆಗೆ ಯಾರೂ ಇಲ್ಲದ ಅಜ್ಜನಿಗೆ, ಬೇರೆ ಭಾಷೆಯ ಕೂಲಿ ಕಾರ್ಮಿಕನಿಗೆ. ಸ್ಪೆಷಲ್ ವಾರ್ಡಿನ ರೋಗಿಗೆ ಸೀನಿಯರ್ ಹೋಗ್ತಾರೆ. ಬಡವರ ಕೈ ಅಭ್ಯಾಸಕ್ಕೆ, ದುಡ್ಡಿದ್ದೋರ ಕೈ ಪರಿಣತರಿಗೆ. ನಂಗೆ ಹನ್ನೊಂದು ವರ್ಷವೂ ಸಂಕಟ ಕೊಟ್ಟಿದ್ದು ಇದು.

ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಬಂದಾಗ ಒಬ್ಬ ಅಜ್ಜಿಯ ಎರಡೂ ಕೈಯಲ್ಲಿ ಏಳು ಹತ್ತಿ ಉಂಡೆ ಅಂಟಿಸಿದ್ದನ್ನ ನೋಡಿದೀನಿ. ಏಳು ಪ್ರಯತ್ನ. ಅಜ್ಜಿ ಯಾರನ್ನೂ ಬೈದಿರಲಿಲ್ಲ. ‘ಮಕ್ಕಳು ಕಲೀತಾವೆ ಬಿಡವ್ವ’ ಅಂದ್ರು. ಅಂಥ ಒಳ್ಳೆತನವನ್ನ ನಾವು ವ್ಯವಸ್ಥೆ ಅಂತ ಅಂದ್ಕೊಂಡುಬಿಟ್ಟಿದೀವಿ.

ನಿಯಮ ಸರಳ. ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬಾರದು. ಇನ್‌ಫ್ಯೂಷನ್ ನರ್ಸಿಂಗ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಇದನ್ನೇ ಹೇಳ್ತವೆ. ಎರಡಾದ ಮೇಲೆ ಹೆಚ್ಚು ಅನುಭವ ಇರೋರನ್ನ ಕರೀಬೇಕು, ಅಥವಾ ಬೇರೆ ದಾರಿ ಯೋಚಿಸಬೇಕು. ಬಾಯಲ್ಲಿ ಕೊಡೋ ಔಷಧಿ ಸಾಕಾಗುತ್ತಾ? ಅಲ್ಟ್ರಾಸೌಂಡ್ ಇಟ್ಟು ನೋಡೋಕಾಗುತ್ತಾ?

ನನ್ನ ಬ್ಯಾಚಿನ ಒಬ್ಬ ಹುಡುಗಿ, ಮೂರನೇ ವರ್ಷ. ರೋಗಿಯ ಮಗ ‘ಬೇಗ ಹಾಕಮ್ಮ, ನಿಂಗೆ ಬರಲ್ವಾ?’ ಅಂತ ದಬಾಯಿಸ್ತಿದ್ದ. ಅವಳು ಟ್ರೇ ಕೆಳಗಿಟ್ಟು, ‘ಅಣ್ಣಾ, ನಾನು ಎರಡು ಸಲ ನೋಡಿದೆ. ಅಮ್ಮನ ಕೈ ನೋವಾಗೋದು ಬೇಡ, ಸಿಸ್ಟರನ್ನ ಕರೀತೀನಿ’ ಅಂದ್ಲು. ಆತ ಸುಮ್ಮನಾದ. ಅವತ್ತು ನಾನು ಅವಳ ಲಾಗ್‌ಬುಕ್‌ಗೆ ಖುಷಿಯಿಂದ ಸಹಿ ಹಾಕಿದೆ. ಕ್ಯಾನುಲಾ ಹಾಕಿದ್ದು ಸಿಸ್ಟರು. ಆದ್ರೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಈ ಕೆಲಸದ ಅರ್ಧ ಪಾಠ, ಅದು ಅವಳಿಗೆ ಬಂದಿತ್ತು.

ಮುಟ್ಟಬಾರದ ಕೈ

ಡಯಾಲಿಸಿಸ್ ಕೈ ಬಗ್ಗೆ ಹೇಳ್ತೀನಿ ಅಂದಿದ್ದೆ. ಕಿಡ್ನಿ ಸೋತವರಿಗೆ ಮುಂಗೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಆರ್ಟರಿಯನ್ನ ವೇನ್‌ಗೆ ಜೋಡಿಸ್ತಾರೆ. ಇದೇ ಫಿಸ್ಟುಲಾ. 1966ರಲ್ಲಿ ನ್ಯೂಯಾರ್ಕ್‌ನ ಬ್ರೆಸಿಯಾ, ಚಿಮಿನೋ ಮತ್ತು ಸಂಗಡಿಗರು ಇದನ್ನ ಪ್ರಕಟಿಸಿದ್ರು. ಆರ್ಟರಿಯ ಒತ್ತಡಕ್ಕೆ ವೇನ್ ಕೆಲವು ವಾರಗಳಲ್ಲಿ ದಪ್ಪಗಾಗುತ್ತೆ. ಮುಟ್ಟಿ ನೋಡಿದ್ರೆ ಬೆಕ್ಕು ಗುರುಗುಟ್ಟಿದ ಹಾಗೆ ಒಂದು ಕಂಪನ, ಥ್ರಿಲ್ ಅಂತೀವಿ.

ಪ್ರತಿ ಡಯಾಲಿಸಿಸ್‌ಗೂ ಅಲ್ಲಿ ಎರಡು ಸೂಜಿ, 15ರಿಂದ 17 ಗೇಜ್, ಅಂದ್ರೆ ದಪ್ಪವೇ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದ್ರೆ ವರ್ಷಕ್ಕೆ 300ಕ್ಕೂ ಹೆಚ್ಚು ಚುಚ್ಚು, ಒಂದೇ ಕೈಗೆ. ಒಂದೇ ಜಾಗಕ್ಕೆ ಚುಚ್ಚುತ್ತಾ ಹೋದ್ರೆ ಅಲ್ಲಿ ಗೋಡೆ ತೆಳುವಾಗಿ ಉಬ್ಬುತ್ತೆ. ಅದಕ್ಕೇ ಏಣಿ ಮೆಟ್ಟಿಲ ಹಾಗೆ ಜಾಗ ಬದಲಿಸುತ್ತಾ ಹೋಗಬೇಕು. ಸಾಮಾನ್ಯ ಕ್ಯಾನುಲಾ ಚೆನ್ನಾಗಿ ಹಾಕ್ತಾರೆ ಅಂತ ಯಾರನ್ನೋ ಫಿಸ್ಟುಲಾಗೆ ಬಿಡೋ ಹಾಗಿಲ್ಲ, ಅದರ ತರಬೇತಿಯೇ ಬೇರೆ. ಸಾಮಾನ್ಯ ವೇನ್ ಕೆಟ್ರೆ ಇನ್ನೊಂದು ಹುಡುಕಬಹುದು. ಫಿಸ್ಟುಲಾ ಕೆಟ್ರೆ ಆ ಮನುಷ್ಯನ ಬದುಕಿನ ದಾರಿಯೇ ಮುಚ್ಚಿದ ಹಾಗೆ.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಗಿ ಜಿಲ್ಲಾ ಆಸ್ಪತ್ರೆಗಳಿಗೂ ಯಂತ್ರ ಬಂತು. ಒಳ್ಳೇದು. ಆದ್ರೆ ಯಂತ್ರ ಲಾರಿಯಲ್ಲಿ ಬರುತ್ತೆ, ಕೈ ಪಳಗಿದ ನರ್ಸು, ಟೆಕ್ನಿಷಿಯನ್ನು ಲಾರಿಯಲ್ಲಿ ಬರಲ್ಲ. ನಿಮ್ಮ ಮನೇಲಿ ಯಾರಿಗಾದ್ರೂ ಕಿಡ್ನಿ ತೊಂದರೆ ಇದ್ರೆ ಈಗಲೇ ನೆನಪಿಟ್ಕೊಳ್ಳಿ: ಫಿಸ್ಟುಲಾ ಇರೋ ಕೈಗೆ ಡ್ರಿಪ್ ಬೇಡ, ರಕ್ತ ತೆಗೆಯೋದು ಬೇಡ, ಬಿ.ಪಿ ಪಟ್ಟಿಯೂ ಬೇಡ. ಇನ್ನೂ ಫಿಸ್ಟುಲಾ ಆಗಿಲ್ಲ ಅಂದ್ರೂ, ಮುಂದೆ ಬೇಕಾಗಬಹುದಾದ ಮುಂಗೈ ವೇನ್‌ಗಳನ್ನ ಉಳಿಸ್ಕೊಳ್ಳಿ. ‘ಹಿಂಗೈಗೆ ಹಾಕ್ತೀರಾ?’ ಅಂತ ಕೇಳಿ.

ಸೂಜಿ ನಮಗೇ ಚುಚ್ಚಿದ್ರೆ

ಇದು ಕೇಳ್ತಿರೋ ನರ್ಸಿಂಗ್, ಪ್ಯಾರಾಮೆಡಿಕಲ್ ಮಕ್ಕಳಿಗೆ. ಬಳಸಿದ ಸೂಜಿ ನಿಮ್ಮ ಬೆರಳಿಗೆ ತಗುಲಿದ್ರೆ, ಆ ರೋಗಿಗೆ ಎಚ್.ಐ.ವಿ ಇದ್ರೆ, ನಿಮಗೆ ಬರೋ ಸಾಧ್ಯತೆ ಸುಮಾರು ಶೇ 0.3. ಹೆಪಟೈಟಿಸ್ ಬಿ ಇದ್ದು, ನೀವು ಲಸಿಕೆ ಹಾಕಿಸಿಕೊಂಡಿಲ್ಲ ಅಂದ್ರೆ ಶೇ 6ರಿಂದ 30. ವ್ಯತ್ಯಾಸ ನೋಡಿ. ಎಲ್ಲರೂ ಹೆದರೋದು ಮೊದಲನೇದಕ್ಕೆ. ತಡೆಯೋಕೆ ಲಸಿಕೆ ಇರೋದು ಎರಡನೇದಕ್ಕೆ. 0, 1, 6 ತಿಂಗಳಲ್ಲಿ ಮೂರು ಡೋಸ್. ವಾರ್ಡಿಗೆ ಕಾಲಿಡೋ ಮುಂಚೆ ಶುರುಮಾಡಿ. ಕಾಲೇಜು ಕೊಡಿಸದಿದ್ರೆ ಗಟ್ಟಿಯಾಗಿ ಕೇಳಿ, ಅದು ನಿಮ್ಮ ಹಕ್ಕು.

ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಅದು ಹೋಗಬೇಕಾದ್ದು ಚುಚ್ಚಿದ್ರೂ ತೂತಾಗದ, ಬಿಳಿ ಅರೆಪಾರದರ್ಶಕ ಡಬ್ಬಿಗೆ. ಚುಚ್ಚಿಕೊಂಡ್ರೆ ಸೋಪು ನೀರಲ್ಲಿ ತೊಳೀರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ. ತಕ್ಷಣ ಹೇಳಿ. ಎಚ್.ಐ.ವಿ ತಡೆ ಔಷಧಿ ಎರಡು ಗಂಟೆಯೊಳಗೆ ಶುರುವಾದ್ರೆ ಉತ್ತಮ, 72 ಗಂಟೆ ದಾಟಬಾರದು, 28 ದಿನ ತಗೋಬೇಕು. ‘ಬೈತಾರೆ’ ಅಂತ ಮುಚ್ಚಿಡೋ ಮಕ್ಕಳನ್ನ ನೋಡಿದೀನಿ. ಬೈಗುಳ ಒಂದು ದಿನದ್ದು.

ಬಾಟಲ್ ಕೇಳೋ ಮುಂಚೆ

ಕೊನೇದಾಗಿ, ಆಸ್ಪತ್ರೆ ಕೆಲಸಕ್ಕೆ ಸಂಬಂಧ ಇಲ್ಲದ ಕೇಳುಗರಿಗೆ. ‘ಸುಸ್ತು, ಒಂದು ಗ್ಲೂಕೋಸ್ ಹಾಕಿಸ್ಕೊಂಡು ಬರ್ತೀನಿ’ ಅನ್ನೋ ಮಾತು ನಮ್ಮೂರುಗಳಲ್ಲಿ ಸಾಮಾನ್ಯ. 500 ಮಿ.ಲೀ.ನ ಶೇ 5 ಗ್ಲೂಕೋಸ್ ಬಾಟಲಲ್ಲಿ ಇರೋದು 25 ಗ್ರಾಂ ಸಕ್ಕರೆ, ಐದಾರು ಚಮಚ. ನುಂಗೋಕೆ ಆಗ್ತಿದ್ರೆ ಒಂದು ಲೋಟ ಪಾನಕ ಅದೇ ಕೆಲಸ ಮಾಡುತ್ತೆ, ವಾಂತಿಭೇದಿಗೆ ಓ.ಆರ್.ಎಸ್ ಇದೆ. ಅಗತ್ಯ ಇಲ್ಲದ ಕ್ಯಾನುಲಾ ಅಂದ್ರೆ ಅಗತ್ಯ ಇಲ್ಲದ ಸೋಂಕಿನ ಬಾಗಿಲು. ತರಬೇತಿ ಇಲ್ಲದೆ ಬಾಟಲ್ ಏರಿಸೋ ಅಂಗಡಿಗಳು ನಡೀತಿರೋದು ನಾವು ಕೇಳ್ತೀವಿ ಅಂತಲೇ. ಕರ್ನಾಟಕದಲ್ಲಿ 2007ರ ಕೆ.ಪಿ.ಎಂ.ಇ ಕಾಯ್ದೆಯಡಿ ಖಾಸಗಿ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಬೇಕು. ಗೋಡೆ ಮೇಲೆ ಆ ಪತ್ರ ಇದೆಯಾ ನೋಡಿ.

ಅಗತ್ಯ ಇದ್ದು ಹಾಕಿಸ್ಕೊಳ್ತಿದ್ರೆ, ನಾಲ್ಕು ಪ್ರಶ್ನೆ ಕೇಳೋಕೆ ಸಂಕೋಚ ಬೇಡ. ಇದು ಯಾಕೆ ಬೇಕು? ನೀವು ಕಲೀತಿದ್ದೀರಾ, ಹಾಗಿದ್ರೆ ಜೊತೆಗೆ ಸೀನಿಯರ್ ಇದ್ದಾರಾ? ಎರಡು ಸಲ ಆಗದಿದ್ರೆ ಯಾರನ್ನ ಕರೀತೀರಿ? ಇದನ್ನ ಯಾವಾಗ ತೆಗೀತೀರಿ? ನಗುತ್ತಾ ಕೇಳಿ. ಒಳ್ಳೆ ನರ್ಸಿಗೆ ಬೇಜಾರಾಗಲ್ಲ.

ಮತ್ತೆ, ಸ್ಟೂಡೆಂಟ್ ಒಬ್ಬಳು ನಿಮ್ಮ ಮುಂದೆ ನಿಂತು, ‘ನಾನು ಕಲೀತಿದೀನಿ, ಮ್ಯಾಮ್ ಪಕ್ಕದಲ್ಲಿದ್ದಾರೆ, ಒಂದು ಸಲ ನೋಡಲಾ?’ ಅಂತ ಕೇಳಿದ್ರೆ, ಆದ್ರೆ ಹೂಂ ಅನ್ನಿ. ಸ್ಪೆಷಲ್ ವಾರ್ಡಲ್ಲಿದ್ರೂ ಅನ್ನಿ. ನಾಳೆ ನಮ್ಮಮ್ಮನಿಗೋ ನಿಮ್ಮಮ್ಮನಿಗೋ ಒಂದೇ ಸಲಕ್ಕೆ ಕ್ಯಾನುಲಾ ಹಾಕೋ ಕೈ ಇವತ್ತು ಯಾರದ್ದೋ ಕೈ ಮೇಲೆ ಕಲೀಲೇಬೇಕು. ಆ ಭಾರ ಒಬ್ಬ ಅಜ್ಜಿ ಮೇಲೇ ಬೀಳದಿರಲಿ, ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಳ್ಳೋಣ.

 ನರ್ಸಿಂಗ್ ಓದ್ತಿರೋ ಫ್ರೆಂಡ್ ಇದ್ರೆ ಇದನ್ನ ಕಳಿಸಿ. ಮತ್ತೆ ಸಿಗೋಣ.